ಕೈನೆರಳು

ಸೋಮವಾರದ ಸ್ವಯಂಪರೀಕ್ಷೆಯಲ್ಲಿ ಫರ್ಹಾನಾಳ ಮೇಜಿನ ಡ್ರಾಯರಿನ ಹಿಡಿಕೆಯ ಮೇಲೆ ನನ್ನ ಅತ್ತೆಯ ಕೈ ಸಿಕ್ಕಿತು.

ಅತ್ತೆಗೆ ಎಂಬತ್ತೊಂದು ವರ್ಷ. ಮೊಣಕಾಲು ಹಿಡಿದುಕೊಂಡು ನಾಲ್ಕು ವರ್ಷದಿಂದ ಅವರು ನಮ್ಮ ಮಹಡಿ ಮನೆಯ ಮೆಟ್ಟಿಲು ಇಳಿದಿಲ್ಲ. ನಾನು ಕೆಲಸ ಮಾಡುವ ಪ್ರಯೋಗಾಲಯವನ್ನು ಅವರು ನೋಡಿದ್ದು ಟಿ.ವಿ.ಯಲ್ಲಿ ಮಾತ್ರ, ಅದೂ ನಾನು ಕಾಣಿಸಿಕೊಂಡ ಅರ್ಧ ನಿಮಿಷ.

“ಮೇಡಮ್, ನಿಮ್ಮ ಅತ್ತಿಯವ್ರು ಬಂದು ನನ್ನ ಡ್ರಾಯರ್ ತಗದು ಶೇಂಗಾ ಉಂಡಿ ತಿಂದು ಹೋಗ್ಯಾರ ನೋಡ್ರಿ,” ಎನ್ನುತ್ತ ನನ್ನ ಸಹಾಯಕಿ ಫರ್ಹಾನಾ ಪರದೆಯನ್ನು ನನ್ನ ಕಡೆ ತಿರುಗಿಸಿದಳು. “ಕೇಳಿದ್ರ ನಾನ ಕೊಡ್ತಿದ್ದೆ. ಕಳವು ಯಾಕ ಮಾಡಬೇಕಿತ್ತು?”

ನಾನೂ ನಕ್ಕೆ. ನಗುತ್ತಲೇ ಪರದೆಯ ಮೂಲೆಯಲ್ಲಿದ್ದ ಅಂಕಿಯನ್ನು ನೋಡಿದೆ. ಹೋಲಿಕೆ, ನೂರಕ್ಕೆ ತೊಂಬತ್ತಮೂರು. ಕಾಲ, ಹನ್ನೆರಡು ಗಂಟೆಯೊಳಗೆ. ನಗು ಅಲ್ಲಿಗೇ ನಿಂತಿತು.

ನಮ್ಮ ಯಂತ್ರಕ್ಕೆ ಸರ್ಕಾರಿ ಕಾಗದಗಳಲ್ಲಿ ಉದ್ದನೆಯ ಹೆಸರಿದೆ. ಪತ್ರಿಕೆಯವರು ಅದರ ಕೆಲಸಕ್ಕೆ ‘ಕೈನೆರಳು’ ಎಂದರು, ಜನರ ಬಾಯಲ್ಲಿ ಅದೇ ನಿಂತಿತು. ಮನುಷ್ಯನ ಅಂಗೈಯಲ್ಲಿ ಕಣ್ಣಿಗೆ ಕಾಣದ ನೂರಾರು ಜಾತಿಯ ಜೀವಿಗಳಿವೆ. ಯಾವ ಜಾತಿ, ಯಾವುದು ಎಷ್ಟು ಎಂಬ ಲೆಕ್ಕ ಒಬ್ಬರದ್ದು ಇನ್ನೊಬ್ಬರಿಗೆ ಹೊಂದುವುದಿಲ್ಲ. ಮುಟ್ಟಿದ ಕಡೆಯೆಲ್ಲ ಅವುಗಳಲ್ಲಿ ಕೆಲವು ಉಳಿಯುತ್ತವೆ. ಬೆರಳಚ್ಚನ್ನು ಬಟ್ಟೆಯಿಂದ ಒರೆಸಬಹುದು. ಇವನ್ನು ಒರೆಸಿದರೆ ಸಂದಿಗೆ ಸೇರಿಕೊಳ್ಳುತ್ತವೆ. ಹತ್ತಿಯ ಕಡ್ಡಿಯಲ್ಲಿ ಒರೆಸಿ ತಂದ ಮಾದರಿಯನ್ನು ಯಂತ್ರ ಓದುತ್ತದೆ, ಯಾರ ಕೈ ಎಂದು ಹೇಳುತ್ತದೆ. ಬದುಕಿರುವ ಜೀವಿಗಳೆಷ್ಟು ಸತ್ತವೆಷ್ಟು ಎಂದು ನೋಡಿ, ಮುಟ್ಟಿ ಎಷ್ಟು ಹೊತ್ತಾಯಿತು ಎಂಬುದನ್ನೂ ಹೇಳುತ್ತದೆ. ನ್ಯಾಯಾಲಯಗಳು ಇದನ್ನು ಒಪ್ಪಿಕೊಂಡು ಮೂರು ವರ್ಷವಾಗಿತ್ತು. ಗದಗಿನಲ್ಲಿ ತೆರೆದ ಈ ಕೇಂದ್ರಕ್ಕೆ ಮೊದಲ ದಿನದಿಂದ ನಾನೇ ಮುಖ್ಯ ಪರೀಕ್ಷಕಿ. ನಮ್ಮ ಕೈಗಳೇ ಮಾದರಿಗಳನ್ನು ಕೆಡಿಸಬಾರದಲ್ಲ, ಅದಕ್ಕಾಗಿ ಸೋಮವಾರಕ್ಕೊಮ್ಮೆ ನಮ್ಮ ಮೇಜು, ಹಿಡಿಕೆಗಳನ್ನೂ ಪರೀಕ್ಷಿಸುತ್ತೇವೆ, ಸಿಬ್ಬಂದಿಯ ಮತ್ತು ಅವರ ಮನೆಯವರೆಲ್ಲರ ಕೈಯೂ ಯಂತ್ರದ ನೆನಪಿನಲ್ಲಿದೆ. ಅತ್ತೆಯ ಕೈ ಅಲ್ಲಿಗೆ ಬಂದದ್ದು ಹಾಗೆ.

ಈ ಮೂರು ವರ್ಷಗಳಲ್ಲಿ ಜನ ಬದಲಾಗಿದ್ದರು. ಬಸ್ಸಿನಲ್ಲಿ ನಿಂತವರು ಕಂಬ ಹಿಡಿಯದೆ ಓಲಾಡುತ್ತಿದ್ದರು. ಸತ್ತವರ ಮನೆಗೆ ಮಾತಾಡಿಸಲು ಹೋದವರು ಬಾಗಿಲ ಚೌಕಟ್ಟಿಗೂ ಕೈ ತಾಗಿಸದೆ ಅಂಗಳದಲ್ಲೇ ನಿಂತು ಬರುತ್ತಿದ್ದರು. ಪಕ್ಕದ ಮನೆಯವರು ಬಿದ್ದಿದ್ದಾರೆಂದು ಗೊತ್ತಾದರೂ ಒಳಗೆ ಹೋಗಲು ಹಿಂದೆಮುಂದೆ ನೋಡುತ್ತಿದ್ದರು. ಕಳ್ಳರು ಎಲ್ಲರಿಗಿಂತ ಮೊದಲು ಕಲಿತಿದ್ದರು. ಅವರು ಎರಡೆರಡು ಪದರ ಕೈಗವಸು ಹಾಕಿಕೊಂಡು ಬರುತ್ತಿದ್ದರು.

ಯಂತ್ರವನ್ನು ನಾನು ಪ್ರೀತಿಸುತ್ತಿದ್ದೆ ಎಂದರೆ ತಪ್ಪಿಲ್ಲ. ಅದು ಬರುವ ಮೊದಲಿನ ಹದಿನೈದು ವರ್ಷ ರಕ್ತದ ಕಲೆ, ಕೂದಲು ಎಂದು ನಾನು ಸಾಕ್ಷಿ ಹೇಳಿದ್ದೇನೆ. “ಬಾಯಾರ, ರಕ್ತಾ ನೋಡಿ ನಿಮಗ ಚಕ್ಕರ್ ಬರಲಿಲ್ಲೇನ್ರಿ?” ಎಂದು ಒಬ್ಬ ವಕೀಲರು ಕೇಳಿದಾಗ ಇಡೀ ಕೋರ್ಟು ನಕ್ಕಿತ್ತು. ಕೈನೆರಳು ಬಂದ ಮೇಲೆ ಯಾರೂ ನಗಲಿಲ್ಲ. ನಾನು ಅಂಕಿ ಹೇಳುತ್ತಿದ್ದೆ, ಕೋರ್ಟು ಬರೆದುಕೊಳ್ಳುತ್ತಿತ್ತು. ಮನೆಯಲ್ಲಿ, ಆಫೀಸಿನಲ್ಲಿ, ಗಂಡ ತೀರಿಕೊಂಡ ಮೇಲೆ ನೆಂಟರ ನಡುವೆ, ಯಾರಿಂದಲೂ ಎದುರುಮಾತಿಲ್ಲದೆ ನನ್ನ ಮಾತು ನಡೆದ ಜಾಗ ಅದೊಂದೇ.

ಎರಡನೆಯ ಸಲ ಪರೀಕ್ಷಿಸಿದೆವು. ಮತ್ತೆ ತೊಂಬತ್ತಮೂರು.

“ಇರಲಿ ಬಿಡ್ರಿ ಮೇಡಮ್. ನಿಮ್ಮ ಸೀರಿಗೆ ಹತ್ತಿ ಬಂದಿರಬೇಕು,” ಎಂದಳು ಫರ್ಹಾನಾ.

ಸೀರೆಗೆ ಹತ್ತಿ ಬಂದದ್ದಾದರೆ ನನ್ನ ಕೈಯೂ ಜೊತೆಗೆ ಬರಬೇಕಿತ್ತು. ಬಂದಿರಲಿಲ್ಲ. ಅಲ್ಲಿದ್ದದ್ದು ಫರ್ಹಾನಾಳ ಕೈ ಮತ್ತು ಅತ್ತೆಯ ಕೈ, ಎರಡೇ. ನನಗೆ ಚಿಂತೆ ಹತ್ತಿದ್ದು ಅತ್ತೆಗಾಗಿ ಅಲ್ಲ. ಹತ್ತು ದಿನ ಬಿಟ್ಟು ರೇಣವ್ವಳ ಮೊಕದ್ದಮೆಯಲ್ಲಿ ನನ್ನ ಪಾಟೀಸವಾಲು ಇತ್ತು. ರೇಣವ್ವಳ ಕೈಯ ಹೋಲಿಕೆ ತೊಂಬತ್ತೊಂದು.

ರೇಣವ್ವ ಬಳಿಗಾರ ಓಣಿಯವಳು. ನಲವತ್ತರ ಸುಮಾರು, ಮಕ್ಕಳಿಲ್ಲ, ಗಂಡ ಲಾರಿ ಡ್ರೈವರ್. ಅವಳ ಮನೆಯಿಂದ ಮೂರನೆಯ ಮನೆಯಲ್ಲಿ ಒಬ್ಬಳೇ ಇದ್ದ ಶಿವಗಂಗವ್ವ ಎಂಬ ಮುದುಕಿಯನ್ನು ಒಂಬತ್ತು ತಿಂಗಳ ಹಿಂದೆ ಯಾರೋ ಹಾಡುಹಗಲೇ ದಿಂಬು ಒತ್ತಿ ಕೊಂದಿದ್ದರು. ಕಪಾಟಿನಲ್ಲಿದ್ದ ಬಂಗಾರದ ಬೋರಮಾಳ ಸರ ಹೋಗಿತ್ತು. ಕಪಾಟಿನ ಹಿಡಿಕೆಯ ಮೇಲೆ, ದಿಂಬಿನ ಮೇಲೆ ಎರಡು ಕೈನೆರಳು ಸಿಕ್ಕವು. ಒಂದು ಸತ್ತವಳದೇ. ಇನ್ನೊಂದು ಯಾರದೆಂದು ತಿಳಿಯಲು ಪೊಲೀಸರು ಓಣಿಯವರೆಲ್ಲರ ಕೈ ತಂದರು. ಅದು ರೇಣವ್ವಳದ್ದಾಗಿತ್ತು, ಇಪ್ಪತ್ತನಾಲ್ಕು ಗಂಟೆಯೊಳಗಿನದು. ಅವಳು ಮಾತ್ರ ಒಂದೇ ಮಾತು ಹೇಳುತ್ತ ಬಂದಳು: “ನಾ ಆಕಿ ಮನಿ ಹೊಸ್ತಿಲಾ ತುಳದು ಎರಡು ವರ್ಷ ಆತ್ರಿ.”

ಆ ಮಾತೇ ಅವಳಿಗೆ ಉರುಳಾಯಿತು. ಹೋಗಿದ್ದೆ, ಮಾತಾಡಿಸಿ ಬಂದೆ ಎಂದಿದ್ದರೆ ಕೈನೆರಳಿಗೆ ಒಂದು ಕಾರಣವಾದರೂ ಇರುತ್ತಿತ್ತು. ಹೋಗಿಯೇ ಇಲ್ಲ ಎಂದವಳ ಕೈ ಕಪಾಟಿನ ಮೇಲಿದ್ದರೆ ಅವಳು ಸುಳ್ಳಿ. ದ್ವೇಷಕ್ಕೂ ಕಾರಣವಿತ್ತು. ಎರಡು ವರ್ಷದ ಹಿಂದೆ ಓಣಿಯ ಒಂದು ಮನೆಯಲ್ಲಿ ಕೂಸಿನ ತೊಟ್ಟಿಲ ಕಾರ್ಯ. ತೊಟ್ಟಿಲು ತೂಗಲು ಎಲ್ಲರ ಜೊತೆ ಕೈಯಿಟ್ಟ ರೇಣವ್ವಳಿಗೆ ಶಿವಗಂಗವ್ವ ಹತ್ತು ಹೆಂಗಸರ ಮುಂದೆ, “ನೀ ತೊಟ್ಟಲಾ ಮುಟ್ಟಬ್ಯಾಡ,” ಎಂದಿದ್ದಳು.

ಮುಖ್ಯ ಸಾಕ್ಷ್ಯ ನಾನು ಆಗಲೇ ನುಡಿದಾಗಿತ್ತು. ಅಂದು ಕಟಕಟೆಯಲ್ಲಿ ನಿಂತ ರೇಣವ್ವ ನನ್ನನ್ನು ಬೈಯಲಿಲ್ಲ, ಅಳಲಿಲ್ಲ. ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು.

ಆ ಸಂಜೆ ಮನೆಗೆ ಹೋದಾಗ ಅತ್ತೆ ಅಡುಗೆಮನೆಯಲ್ಲಿ ಎತ್ತರದ ಸ್ಟೂಲಿನ ಮೇಲೆ ಕೂತಿದ್ದರು. ಕಾಲು ಹೋದರೂ ಹಾಲು ಮೊಸರಿನ ಅಧಿಕಾರವನ್ನು ಅವರು ಬಿಟ್ಟುಕೊಟ್ಟಿಲ್ಲ. ಕಾಯಿಸಿ ಆರಿಸಿದ ಹಾಲಿನ ಪಾತ್ರೆ ಮುಂದಿತ್ತು. ತೋರುಬೆರಳನ್ನು ಹಾಲಿನಲ್ಲಿ ಎರಡು ಗೆಣ್ಣು ಮುಳುಗುವಷ್ಟು ಇಳಿಸಿ, ಕಣ್ಣು ಮುಚ್ಚಿ, ಒಳಗೇನೋ ಎಣಿಸುವವರಂತೆ ಕೂತರು. ಮದುವೆಯಾದ ಹೊಸದರಲ್ಲಿ ಇದನ್ನು ನೋಡಿ ನಾನೊಂದು ಥರ್ಮಾಮೀಟರ್ ತಂದುಕೊಟ್ಟಿದ್ದೆ. “ಹಾಲಿಗೇನ್ ಜ್ವರಾ ಬಂದಾವೇನು?” ಎಂದು ಅದನ್ನು ಅವರು ದೇವರ ಜಗಲಿಯ ಹಿಂದೆ ಇಟ್ಟುಬಿಟ್ಟಿದ್ದರು.

“ಅತ್ತಿ, ಫರ್ಹಾನಾ ನಮ್ಮ ಮನಿಗೆ ಯಾವಾಗರ ಬಂದಿದ್ಲೇನ್ರಿ? ನಾ ಇಲ್ಲದಾಗ?”

“ಯಾರು, ನಿನ್ನ ಜೋಡಿ ಕೆಲಸಾ ಮಾಡು ಹುಡುಗಿ? ಇಲ್ಲವ. ಆಕಿ ಮುಖಾನೂ ನೋಡಿಲ್ಲ ನಾ.” ಬೆರಳನ್ನು ತೆಗೆದು, ನಿನ್ನೆಯ ಮೊಸರಿನಿಂದ ಒಂದು ಚಮಚ ಹಾಲಿಗೆ ಬಿಟ್ಟು ಕಲಕಿದರು. “ಹೌದು, ಕೇಳೋದ ಮರ್ತೆ. ಆಕಿಗೆ ಮಸರು ಛಲೋ ಆಗಾಕತ್ತೈತೇನು? ಹೋದ ತಿಂಗಳ ಹೆಪ್ಪು ಒಯ್ದಿದ್ದೆಲ್ಲ ನೀ, ಡಬ್ಬ್ಯಾಗ.”

ನಾನು ಬಾಗಿಲಿಗೆ ಒರಗಿದೆ. ಫರ್ಹಾನಾ ಹೊಸದಾಗಿ ಮನೆ ಹೂಡಿದ್ದಳು. ಅಂಗಡಿಯ ಮೊಸರಿನ ಹೆಪ್ಪು ಲೋಳೆಲೋಳೆಯಾಗುತ್ತದೆ ಎಂದಾಗ ಸಣ್ಣ ಸ್ಟೀಲ್ ಡಬ್ಬಿಯಲ್ಲಿ ನಾನೇ ಕೊಟ್ಟಿದ್ದೆ.

“ಈ ಹೆಪ್ಪು ಎಷ್ಟು ವರ್ಷದ್ದ್ರಿ ಅತ್ತಿ?”

“ನಮ್ಮವ್ವ ಕೊಟ್ಟಿದ್ದು. ನಾ ಈ ಮನಿಗೆ ಬಂದಾಗ. ನಡಕ ಒಂದ್ ಸಲಾ ಕೆಟ್ಟಿತ್ತು, ನಮ್ಮ ತಂಗಿ ಮನ್ಯಾಗ ಇದ್ದದ್ದನ್ನ ತಿರಗಿ ತರಿಸಿದ್ವಿ.” ಅವರು ನನ್ನ ಮುಖ ನೋಡಿದರು. “ಯಾಕವಾ ಮಂಗಳಾ, ಮಾರಿ ಯಾಕ ಹಂಗ್ ಮಾಡಿ?”

ಅರವತ್ತು ವರ್ಷ ದಿನಾ ಒಂದು ಬೆರಳು ಒಂದೇ ಹಾಲಿಗೆ ಇಳಿಯುತ್ತಿದ್ದರೆ ಕೈ ಮೊಸರಾಗುತ್ತದೆ, ಮೊಸರು ಕೈಯಾಗುತ್ತದೆ. ಉಗುರ ಸಂದಿಯಲ್ಲಿ ಆ ಹೆಪ್ಪಿನ ಜೀವಿಗಳು ಮನೆ ಮಾಡಿಕೊಳ್ಳುತ್ತವೆ, ಕೈಯಲ್ಲಿದ್ದ ಕೆಲವು ಮೊಸರಿನಲ್ಲಿ ಸಂಸಾರ ಹೂಡುತ್ತವೆ. ಅಂಥ ತಳಿ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ನಮ್ಮ ಯಂತ್ರ ಎಲ್ಲರಲ್ಲೂ ಇರುವ ಜೀವಿಗಳಿಗೆ ಕಡಿಮೆ ಬೆಲೆ ಕೊಡುತ್ತದೆ, ಅಪರೂಪದವಕ್ಕೆ ಹೆಚ್ಚು. ಅಪರೂಪದ್ದೇ ಗುರುತು ಎಂಬುದು ಅದರ ಬುದ್ಧಿ. ಅದನ್ನು ಕಟ್ಟಿದವರು ಆರು ಸಾವಿರ ಜನರ ಕೈ ಪರೀಕ್ಷಿಸಿದ್ದರು. ಹಾಸ್ಟೆಲ್ಲಿನ ಹುಡುಗರು, ಕಾಲೇಜಿನವರು, ಆಫೀಸಿನ ನೌಕರರು. ಪ್ಯಾಕೆಟ್ ಮೊಸರು ತಿನ್ನುವವರು. ಹಾಲಿಗೆ ಬೆರಳಿಡುವ ಹೆಂಗಸೊಬ್ಬಳ ನೆನಪು ಅವರಿಗೆ ಬಂದಿರಲಿಲ್ಲ. ಅವರನ್ನು ಅಂದು ಏನು ಮಾಡಲಿ? ದಿನಾ ಅದನ್ನೇ ನೋಡಿಕೊಂಡಿದ್ದ ನನಗೇ ಬಂದಿರಲಿಲ್ಲ.

ಮರುದಿನ ಫರ್ಹಾನಾಳನ್ನು ಮಾತ್ರ ಜೊತೆಗಿಟ್ಟುಕೊಂಡು ಶುರುಮಾಡಿದೆ. ಶುದ್ಧಗೊಳಿಸಿದ ಪಾತ್ರೆ, ಡೇರಿಯ ಹಾಲು, ಅತ್ತೆಯ ಹೆಪ್ಪು. ಮೂರು ದಿನ ಅದರಿಂದಲೇ ಹೆಪ್ಪು ಹಾಕಿದೆವು. ಮೂರನೆಯ ದಿನದ ಮೊಸರಲ್ಲಿ ಅನ್ನ ಕಲಸಿ ಉಂಡು, ನಾವೆಲ್ಲ ಉಂಡ ಮೇಲೆ ಮಾಡುವಂತೆ ಬರೀ ನೀರಿನಲ್ಲಿ ಕೈ ತೊಳೆದು, ಫರ್ಹಾನಾ ಹೊಸ ಸ್ಟೀಲ್ ಹಿಡಿಕೆಯೊಂದನ್ನು ಹಿಡಿದಳು. ಯಂತ್ರಕ್ಕೆ ಕೊಟ್ಟೆವು. ಎರಡು ಕೈ ಎಂದಿತು. ಒಂದು ಅವಳದು. ಇನ್ನೊಂದು ಅತ್ತೆಯದು, ತೊಂಬತ್ತೆರಡು.

ಫರ್ಹಾನಾ ಜೋಕು ಮಾಡಲಿಲ್ಲ. “ಮೇಡಮ್,” ಎಂದಳು ಮೆಲ್ಲಗೆ, “ಶಿವಗಂಗವ್ವನ ಕಪಾಟದ್ದು ತಗದು ನೋಡೋಣೇನ್ರಿ?”

ಯಂತ್ರದ ತೀರ್ಮಾನ ಬಿಟ್ಟು ಅದರ ಹಿಂದಿನ ಕಚ್ಚಾ ಪಟ್ಟಿಯನ್ನು ತೆಗೆದೆವು. ರೇಣವ್ವ ನಿಜವಾಗಿ ಹಿಡಿಕೆಯನ್ನು ಹಿಡಿದಿದ್ದರೆ ಅವಳ ಚರ್ಮದ ಎಣ್ಣೆ, ಬೆವರು ತಿಂದು ಬದುಕುವ ಜೀವಿಗಳೂ ಅಲ್ಲಿರಬೇಕು. ಇಡೀ ಪಟ್ಟಿಯಲ್ಲಿ ಅವು ಇರಲಿಲ್ಲ. ಸತ್ತವಳ ಕೈಯವನ್ನು ಬಿಟ್ಟರೆ ಇದ್ದವೆಲ್ಲ ಹುಳಿಯಲ್ಲಿ ಬದುಕಬಲ್ಲವು. ಒಂಬತ್ತು ತಿಂಗಳಿಂದ ಆ ಪಟ್ಟಿ ನನ್ನದೇ ಕಂಪ್ಯೂಟರಿನಲ್ಲಿತ್ತು. ಅಂಕಿ ಸಿಕ್ಕಿದ ಮೇಲೆ ಪಟ್ಟಿಯನ್ನು ಯಾರು ನೋಡುತ್ತಾರೆ?

ಆದರೂ ಒಂದು ಗಂಟು ಉಳಿದಿತ್ತು. ಮಾತೇ ಬಿಟ್ಟ ಇಬ್ಬರು ಹೆಂಗಸರ ನಡುವೆ ಹೆಪ್ಪು ಓಡಾಡಿದ್ದು ಹೇಗೆ? ಸಾಕ್ಷಿದಾರಳಾದ ನಾನು ಓಣಿಗೆ ಕಾಲಿಡಬಾರದು, ಅದು ನನಗೆ ಗೊತ್ತು. ಶನಿವಾರ ಮಧ್ಯಾಹ್ನ ಬಳಿಗಾರ ಓಣಿಯ ತುದಿಯಲ್ಲಿ ಆಟೋ ಇಳಿದೆ. ರೇಣವ್ವಳ ಮನೆಗೆ ಬೀಗ. ಮೂರನೆಯ ಮನೆಗೂ ಬೀಗ. ನಡುವಿನ ಮನೆಯ ಕಟ್ಟೆಯ ಮೇಲೆ ದಪ್ಪಗಿನ ಹೆಂಗಸೊಬ್ಬಳು ಮೆಂತ್ಯದ ಸೊಪ್ಪು ಸೋಸುತ್ತ ಕೂತಿದ್ದಳು. ಹೆಸರು ಕಸ್ತೂರೆವ್ವ ಎಂದು ಆಮೇಲೆ ತಿಳಿಯಿತು.

ನನ್ನನ್ನು ಟಿ.ವಿ.ಯಲ್ಲಿ ನೋಡಿದ್ದಳು. ನೋಡಿದೊಡನೆ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು.

“ನಾ ಎಲ್ಲಾ ಪೊಲೀಸರಿಗೆ ಹೇಳೇನ್ರಿ. ಯಾರೂ ಯಾರ ಮನಿಗೂ ಹೋಗೂದಿಲ್ರಿ ಈಗ. ನಿಮ್ಮ ಮಿಷನ್ ಬಂದಾಗಿಂದ ಒಬ್ಬರ ಚರಿಗಿ ಒಬ್ರು ಮುಟ್ಟೂದಿಲ್ಲ.”

“ಮಿಷನ್ ತಂದಿಲ್ಲವ್ವ. ಒಂದು ಮಾತು ಕೇಳಾಕ ಬಂದೆ. ಮಸರಿಗೆ ಹೆಪ್ಪು ಎಲ್ಲಿಂದ ತರ್ತೀರಿ ನೀವು?”

ಅವಳು ನನ್ನನ್ನು ತಲೆ ಕೆಟ್ಟವಳನ್ನು ನೋಡುವಂತೆ ನೋಡಿದಳು. ಆಮೇಲೆ ನಕ್ಕಳು. “ಇದನ್ನ ಕೇಳಾಕ ಬಂದ್ರೇನ್ರಿ ಆಫೀಸ್ ಬಿಟ್ಟು? ನಮ್ಮ ಮನ್ಯಾಗ ಮಸರು ಹುಳಿ ಭಾಳ ಆಗ್ತೈತ್ರಿ. ಕೆಟ್ಟಾಗೊಮ್ಮೆ ರೇಣಿ ಮನಿದು ತರ್ತಿದ್ದೆ. ಹಾಲಾಗ ಬೆರಳಿಟ್ಟು ನೋಡಿ ಹೆಪ್ಪು ಹಾಕ್ತಿದ್ಲು. ಆಕಿ ಕೈ ಮಸರು ಕೊಯ್ದಿಡಬೇಕು ಹಂಗ್ ಗಟ್ಟಿ ಆಗ್ತಿತ್ತು.”

“ಆಕಿ ಮನಿ ಒಳಗ ಹೋಗಿ ತರ್ತಿದ್ರೇನು?”

“ಇಲ್ಲಬಿಡ್ರಿ! ಆಕಿ ಬಟ್ಟಲಾ ಕಾಂಪೌಂಡ್ ಗ್ವಾಡಿ ಮ್ಯಾಲ ಇಟ್ಟು ಒಳಗ ಹೋಗ್ತಿದ್ಲು, ನಾ ಸೆರಗಿಲೆ ಹಿಡದು ತಗೊಂತಿದ್ದೆ. ಮುಟ್ಟಿದ್ರ ನಿಮ್ಮ ಮಿಷನ್ ಹಿಡೀತದಲ್ರಿ.” ಹೀಗೆ ಹೇಳುವಾಗ ಅವಳ ದನಿಯಲ್ಲಿ ಜಾಣತನ ಮಾಡಿದ ಹೆಮ್ಮೆಯಿತ್ತು.

“ಶಿವಗಂಗವ್ವಗ ಯಾರು ಕೊಡ್ತಿದ್ರು?”

ಕಸ್ತೂರೆವ್ವ ಸೊಪ್ಪಿನ ಕಡ್ಡಿ ಮುರಿಯುವುದನ್ನು ನಿಲ್ಲಿಸಿದಳು. ಓಣಿಯ ಎರಡೂ ಕಡೆ ನೋಡಿದಳು.

“ನಾನ ಕೊಡ್ತಿದ್ದೆ. ವರ್ಷದ ಮ್ಯಾಲಾಗಿತ್ತು, ಆಕಿ ಸಾಯೂ ಹಿಂದಿನ ದಿನಾನೂ ಕೊಟ್ಟೇನಿ. ಕೇಳಾಕ ಹೆಂಗ್ ಕೇಳ್ತಿದ್ಲು ಗೊತ್ತೇನ್ರಿ? ‘ನಿನ್ನ ಮನಿದು ಬ್ಯಾಡ ಕಸ್ತೂರಿ, ಹುಳಿ. ಆ ಮನಿಯಿಂದ ತಂದಿದ್ರ ಕೊಡು’ ಅಂತಿದ್ಲು. ಹೆಸರು ಮಾತ್ರ ತಗೀತಿದ್ದಿಲ್ಲ. ರೇಣಿಗೆ ಹೇಳಬ್ಯಾಡ ಅಂತ ನನ್ನ ಕಡಿಂದ ಆಣಿ ಹಾಕಿಸ್ಕೊಂಡಿದ್ಲು. ತೊಟ್ಟಲಾ ಮುಟ್ಟಬ್ಯಾಡ ಅಂದ ಬಾಯಿ ಅಲ್ರಿ? ನಾಚಿಕಿ.” ಅವಳ ದನಿ ಇಳಿಯಿತು. “ಇದನ್ಯಾರೂ ಕೇಳಲಿಲ್ರಿ ನನಗ. ಮನಿಗೆ ಹೋಗಿದ್ರೇನು, ಬಂದಿದ್ರೇನು, ಅಂತ ಕೇಳಿದ್ರು. ಹೋಗಿಲ್ಲ, ಬಂದಿಲ್ಲ ಅಂದೆ. ಯಾಕ್ರಿ, ಹೆಪ್ಪಿನ್ಯಾಗೇನೈತ್ರಿ?”



ಸೋಮವಾರ ನಿರ್ದೇಶಕ ಇನಾಮದಾರರ ಕೋಣೆಯಲ್ಲಿ ಎಲ್ಲವನ್ನೂ ಮೇಜಿನ ಮೇಲಿಟ್ಟೆ. ಅವರು ಕೆಟ್ಟ ಮನುಷ್ಯರಲ್ಲ. ನನ್ನ ಗಂಡ ತೀರಿಕೊಂಡಾಗ ಮೂರು ತಿಂಗಳ ರಜೆಗೆ ಸಹಿ ಹಾಕಿ, ಕಾರಣದ ಕಾಲಂ ಖಾಲಿ ಬಿಡಿ ಎಂದವರು. ಹಾಳೆಗಳನ್ನು ಎರಡು ಸಲ ಓದಿದರು.

“ಸರ್ವಮಂಗಳಾ, ಇದು ಬರೇ ಮೂರು ದಿನದ ಪ್ರಯೋಗ. ಒಂದ ಹೆಪ್ಪು, ಒಂದ ಕೈ. ಇದನ್ನ ಸರಿಯಾಗಿ ಮಾಡಬೇಕಂದ್ರ ಆರು ತಿಂಗಳ ಬೇಕು.”

“ಪಾಟೀಸವಾಲು ಗುರುವಾರ ಐತ್ರಿ ಸರ್.”

“ಗೊತ್ತೈತಿ. ಅರವತ್ತೊಂದು ವರದಿ ಕೊಟ್ಟೀರಿ ನೀವು ಇಲ್ಲಿ ತನಕ. ಗುರುವಾರ ನೀವು ಬಾಯಿ ಬಿಟ್ರ ಶುಕ್ರವಾರ ಅರವತ್ತೊಂದು ವಕೀಲರು ನಮ್ಮ ಗೇಟಿನ ಮುಂದ ನಿಂತಿರ್ತಾರ. ಖರೇ ಕೊಲೆ ಮಾಡಿದವ್ರೂ ಹೊರಗ ಬರ್ತಾರ.” ಕನ್ನಡಕ ತೆಗೆದು ಒರೆಸಿದರು. “ಸುಳ್ಳು ಹೇಳ್ರಿ ಅಂತ ನಾ ಹೇಳಾಕತ್ತಿಲ್ಲ. ಕೇಳಿದ್ದಕ್ಕಷ್ಟ ಉತ್ತರಾ ಕೊಡ್ರಿ. ಮಸರಿನ ಬಗ್ಗೆ ಯಾರು ಕೇಳ್ತಾರ?”

ಯಾರೂ ಕೇಳುವುದಿಲ್ಲ. ಅದೇ ನನ್ನನ್ನು ಮೂರು ದಿನ ತಿಂದದ್ದು. ಸುಳ್ಳು ಹೇಳಬೇಕಾಗಿದ್ದರೆ ಹೇಳುವುದಿಲ್ಲ ಎಂದು ಧೈರ್ಯವಾಗಿ ಎದ್ದು ಬರಬಹುದಿತ್ತು. ಸುಮ್ಮನಿದ್ದರೆ ಸಾಕು ಎಂದಾಗ ಎದ್ದು ಬರುವುದು ಎಲ್ಲಿಗೆ? ಅರವತ್ತೊಂದರಲ್ಲಿ ಎಷ್ಟು ಮಾದರಿ ಅಡುಗೆಮನೆಗಳಿಂದ ಬಂದವು ಎಂದು ಎಣಿಸಲು ಕೂತೆ. ಹನ್ನೊಂದಕ್ಕೆ ಬಂದಾಗ ಕಂಪ್ಯೂಟರ್ ಆರಿಸಿಬಿಟ್ಟೆ. ಅವರಲ್ಲಿ ನಾಲ್ವರು ಹೆಂಗಸರು ಆಗಲೇ ಜೈಲಿನಲ್ಲಿದ್ದರು. ಅವರ ಮುಖಗಳು ನನಗೆ ನೆನಪಾಗಲಿಲ್ಲ. ಹೋಲಿಕೆಯ ಅಂಕಿಗಳು ಮಾತ್ರ ನೆನಪಿದ್ದವು.

ಅತ್ತೆಗೆ ಹೇಳಿದೆ. ಅರ್ಥವಾಗುವುದಿಲ್ಲ ಎಂದುಕೊಂಡಿದ್ದೆ. ಅವರಿಗೆ ನನಗಿಂತ ಬೇಗ ಅರ್ಥವಾಯಿತು.

“ಅಂದ್ರ ನನ್ನ ಕೈ ನಿನ್ನ ಆಫೀಸಿಗೆ ಹೋಗಿ ಬಂದೈತಿ,” ಎಂದು ಬೆರಳು ನೋಡಿಕೊಂಡು ನಕ್ಕರು. “ಕಾಲು ಸುಮ್ನ ಕುಂತಾವ, ಕೈ ಊರು ಸುತ್ತಾಕತ್ತೈತಿ.” ಆಮೇಲೆ ನಗು ಬಿಟ್ಟು ಕೇಳಿದರು. “ನಮ್ಮ ತಂಗಿ ಮನ್ಯಾಗ ಏನರ ಆಗಿದ್ರ ನನ್ನ ಹಿಡೀತಿದ್ರೇನು?”

“ಹಿಡೀತಿದ್ರು.”

“ನೀನೂ ಹೋಗಿ, ಹೌದು, ಇದು ನಮ್ಮ ಅತ್ತಿ ಕೈ ಅಂತ ಹೇಳ್ತಿದ್ದೆ?”

ಹೇಳುತ್ತಿದ್ದೆ. ತೊಂಬತ್ತಮೂರು ಎಂದು ಬಂದಿದ್ದರೆ, ನಾಲ್ಕು ವರ್ಷ ಮೆಟ್ಟಿಲಿಳಿಯದ ಈ ಮುದುಕಿ ನನಗೆ ಗೊತ್ತಿಲ್ಲದೆ ಹೇಗೋ ಇಳಿದು ಹೋಗಿರಬೇಕು ಎಂದೇ ನಂಬುತ್ತಿದ್ದೆ. ಅಂಕಿಯನ್ನು ಅನುಮಾನಿಸುವ ಮೊದಲು ಅವರನ್ನು ಅನುಮಾನಿಸುತ್ತಿದ್ದೆ.

ಗುರುವಾರ ಕೋರ್ಟಿನ ಕೋಣೆಯಲ್ಲಿ ಫ್ಯಾನುಗಳು ತಿರುಗುತ್ತಿದ್ದವು, ನನ್ನ ಬೆನ್ನು ಮಾತ್ರ ಒದ್ದೆಯಾಗಿತ್ತು. ರೇಣವ್ವಳ ಪರವಾಗಿ ಕಾನೂನು ನೆರವಿನಿಂದ ಬಂದ ಬೂದಿಹಾಳ ವಕೀಲರು ವಯಸ್ಸಾದವರು, ಸೋತು ರೂಢಿಯಾದವರು. ನನ್ನ ಓದು ಕೇಳಿದರು, ಅನುಭವ ಕೇಳಿದರು, ಮಾದರಿಯ ಪೊಟ್ಟಣಕ್ಕೆ ಮೊಹರು ಇತ್ತೇ ಎಂದು ಕೇಳಿದರು. ಇತ್ತು ಎಂದೆ. ಹಿಡಿಕೆಯ ಮೇಲೆ ಸಿಕ್ಕ ನೆರಳು ಆರೋಪಿಯದಕ್ಕೆ ಹೊಂದುತ್ತದೆಯೇ? ಹೊಂದುತ್ತದೆ. ಒಂದೊಂದು ಉತ್ತರದ ಹಿಂದೆಯೂ ನಾನು ಬಾಯಿ ತೆರೆಯಲು ಹೋದೆ, ಅಷ್ಟರಲ್ಲಿ ಮುಂದಿನ ಪ್ರಶ್ನೆ ಬಂದಿರುತ್ತಿತ್ತು. ರೇಣವ್ವ ಕಟಕಟೆಯ ಕಟ್ಟಿಗೆಯನ್ನು ಮುಟ್ಟದೆ, ಕೈ ಕಟ್ಟಿಕೊಂಡು ನಿಂತಿದ್ದಳು.

ವಕೀಲರು ಕಾಗದ ಮಡಚಿದರು. ಕೂರುವ ಮುನ್ನ, ಪ್ರತಿ ಮೊಕದ್ದಮೆಯಲ್ಲೂ ಪ್ರತಿ ವಕೀಲರೂ ದಾಖಲೆಗೆಂದು ಕೇಳುವ ಮಾತನ್ನು ಅವರೂ ಕೇಳಿದರು. “ನಿಮ್ಮ ವರದಿ ತಪ್ಪಾಗಿರಬಹುದು ಅಂತ ನಾನು ಹೇಳ್ತೀನಿ.” ಇದಕ್ಕೆ ‘ಸರಿಯಲ್ಲ’ ಎಂಬ ಉತ್ತರವನ್ನು ಟೈಪಿಸ್ಟ್ ಆಗಲೇ ಒತ್ತಲು ಹೊರಟಿದ್ದ.

“ಸರಿ,” ಎಂದೆ. “ತಪ್ಪಾಗಿದೆ.”

ಟೈಪಿಸ್ಟ್ ತಲೆಯೆತ್ತಿದ. ಬೂದಿಹಾಳರು ಅರ್ಧ ಕೂತವರು ಹಾಗೇ ಉಳಿದರು. ಸರ್ಕಾರಿ ವಕೀಲರು ಎದ್ದು, ಸಾಕ್ಷಿಗೆ ಪ್ರಶ್ನೆ ಅರ್ಥವಾಗಿಲ್ಲ ಎಂದರು.

ನ್ಯಾಯಾಧೀಶೆ ಕೈಯೆತ್ತಿ ಅವರನ್ನು ತಡೆದರು. “ಡಾಕ್ಟರೇ, ಪ್ರಶ್ನೆ ಅರ್ಥವಾಯಿತೇ?”

“ಆಯಿತು. ಹಿಡಿಕೆಯ ಮೇಲೆ ಇದ್ದದ್ದು ಈಕೆಯ ಕೈಯ ಗುರುತು. ಆದರೆ ಈಕೆ ಮುಟ್ಟಿದ್ದರಿಂದ ಬಂದದ್ದಲ್ಲ. ಸತ್ತವರು ಈಕೆಯ ಮನೆಯ ಹೆಪ್ಪಿನಿಂದ ಆದ ಮೊಸರು ಉಂಡು, ಆ ಕೈಯಿಂದ ತಮ್ಮ ಕಪಾಟನ್ನೂ ದಿಂಬನ್ನೂ ತಾವೇ ಮುಟ್ಟಿದ್ದರು.”

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಮೊಸರು ಎಂಬ ಮಾತು ಕೋರ್ಟಿನಲ್ಲಿ ಕೇಳಿದರೆ ನಗು ಬರುವಂಥದೇ. ಯಂತ್ರ ಬರುವ ಮೊದಲಿನ ಆ ಹಳೆಯ ನಗು ಮತ್ತೆ ಕಿವಿಗೆ ಬಿತ್ತು. ಸರ್ಕಾರಿ ವಕೀಲರು, “ಇದು ಅಡಿಗಿ ಮನಿ ಮಾತು, ವಿಜ್ಞಾನ ಅಲ್ಲ,” ಎಂದರು. ನ್ಯಾಯಾಧೀಶೆ ನಗಲಿಲ್ಲ. ತಮ್ಮ ಬಲಗೈಯ ತೋರುಬೆರಳನ್ನು ಒಂದು ಕ್ಷಣ ನೋಡಿ, “ಮುಂದೆ ಹೇಳಿ,” ಎಂದರು.

ಒಂದೂವರೆ ಗಂಟೆ ಹೇಳಿದೆ. ಪ್ರಯೋಗ ಹೇಳಿದೆ, ಕಚ್ಚಾ ಪಟ್ಟಿ ಹೇಳಿದೆ, ಓಣಿಗೆ ಹೋದದ್ದನ್ನೂ ಅದು ನನ್ನ ತಪ್ಪೆಂಬುದನ್ನೂ ಹೇಳಿದೆ. ಕಸ್ತೂರೆವ್ವಳ ಹೆಸರು ಹೇಳಿದೆ. ಕೊನೆಗೆ ನ್ಯಾಯಾಧೀಶೆ ಕೇಳಿದರು. “ನೀವು ಕೊಟ್ಟ ಬೇರೆ ವರದಿಗಳು?”

“ಅಡುಗೆಮನೆಯಿಂದ ಬಂದ ಮಾದರಿಗಳ ಬಗ್ಗೆ ಇಂದು ನಾನು ಏನನ್ನೂ ಹೇಳಲಾರೆ. ಎಲ್ಲವನ್ನೂ ಮತ್ತೆ ನೋಡಬೇಕು.”

ಬಾಗಿಲ ಬಳಿ ನಿಂತಿದ್ದ ಇನಾಮದಾರರು ಹೊರಗೆ ಹೋದದ್ದು ಕಂಡಿತು.

ಕಸ್ತೂರೆವ್ವಳನ್ನು ಮುಂದಿನ ವಾರ ಕರೆಸಬೇಕೆಂದೂ ಆರೋಪಿಗೆ ಜಾಮೀನು ಕೊಡಬಹುದೆಂದೂ ಮಧ್ಯಾಹ್ನದ ಹೊತ್ತಿಗೆ ಆದೇಶವಾಯಿತು. ಪಡಸಾಲೆಯ ಬೆಂಚಿನ ಮೇಲೆ ರೇಣವ್ವ ಮಹಿಳಾ ಪೇದೆಯ ಪಕ್ಕ ಕೂತಿದ್ದಳು. ಕಾಗದಪತ್ರ ಮುಗಿಯುವವರೆಗೆ ಕಾಯಬೇಕಿತ್ತು. ಹತ್ತಿರ ಹೋಗಬಾರದೆಂದುಕೊಂಡೇ ಹೋದೆ. ಕ್ಷಮೆ ಕೇಳುವ ಮಾತುಗಳನ್ನು ದಾರಿಯುದ್ದಕ್ಕೂ ಜೋಡಿಸಿಟ್ಟುಕೊಂಡಿದ್ದೆ.

ನಾನು ಬಾಯಿ ತೆರೆಯುವ ಮೊದಲೇ ಅವಳು ಕೇಳಿದಳು. “ನೀವು ಒಳಗ ಹೇಳಿದ್ದು ಖರೇ ಏನ್ರಿ? ಆಕಿ ನನ್ನ ಮನಿ ಹೆಪ್ಪು ಕೇಳಿ ತರಿಸ್ಕೊಂತಿದ್ಲು?”

“ಖರೇ. ಬ್ಯಾರೆ ಹೆಪ್ಪು ಬ್ಯಾಡ ಅಂತಿದ್ಲಂತ.”

“ಎಷ್ಟು ದಿನದಿಂದ?”

“ವರ್ಷದ ಮ್ಯಾಲಾಗಿತ್ತು.”

ರೇಣವ್ವ ಎದುರಿನ ಗೋಡೆ ನೋಡುತ್ತ ಕೂತಳು. “ಒಂದ್ ಸಲಾ ಕರದು ಹೇಳಬಾರದಿತ್ತೇನ್ ಮುದುಕಿ,” ಎಂದಳು ನನಗಲ್ಲ, ಗೋಡೆಗೆ. “ದಿನಾ ಒಂದ್ ಬಟ್ಟಲಾ ಮಸರ ನಾನ ಕೊಡ್ತಿದ್ನೆಲ್ಲ. ಒಬ್ಬಾಕಿನ ಇದ್ಲು. ಹಲ್ಲಿದ್ದಿಲ್ಲ ಆಕಿಗೆ, ಅನ್ನಾ ಮಸರು ಬಿಟ್ರ ಏನೂ ಸೇರತಿದ್ದಿಲ್ಲ.” ಆಮೇಲೆ ಬಿಕ್ಕಿ ಬಿಕ್ಕಿ ಅಳತೊಡಗಿದಳು. ಒಂಬತ್ತು ತಿಂಗಳು ಕೊಲೆಗಾರ್ತಿಯಾಗಿದ್ದವಳಿಗೆ ಸತ್ತವಳಿಗಾಗಿ ಅಳುವ ಹಕ್ಕಿರಲಿಲ್ಲ ಎಂಬುದು ಆಗ ನನಗೆ ಹೊಳೆಯಿತು.

ಪೇದೆ ನೀರಿನ ಬಾಟಲಿ ಕೊಟ್ಟಳು. ರೇಣವ್ವ ಅದನ್ನು ಎರಡೂ ಕೈಯಿಂದ ಹಿಡಿದು ಕುಡಿದು, ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದಳು. ಕೃತಜ್ಞತೆ ಇರಲಿಲ್ಲ ಆ ಕಣ್ಣಿನಲ್ಲಿ. ಸಿಟ್ಟೂ ಇರಲಿಲ್ಲ.

“ಒಂಬತ್ತು ತಿಂಗಳ ನೀವೆಲ್ಲಾ ನನ್ನ ಕೈ ನೋಡ್ಕೊಂತ ಕುಂತ್ರಿ,” ಎಂದಳು. “ಆಕಿನ್ನ ಕೊಂದಾಂವ ಎಲ್ಲಿಗೆ ಹೋದ್ನ್ರಿ ಬಾಯಾರ?”